ಸ್ಟೋರಿನ ಮೇಲ್ ಕೆಟ್ಟಿದ್ದ ಹತ್ತೊಂಬತ್ತು ದಿನ

ಅಧ್ಯಕ್ಷತೆ ವಹಿಸಿರುವ ನಮ್ಮ ಜನರಲ್ ಮ್ಯಾನೇಜರ್ ಸಾಹೇಬರೇ, ಹೆಡ್ ಆಫೀಸಿನಿಂದ ಬೆಳಗಿನ ಮೊದಲ ಬಸ್ಸಿಗೇ ಹೊರಟು ಬಂದಿರುವ ಅತಿಥಿಗಳೇ, ಕಾರ್ಮಿಕ ಸಂಘದ ಕಾರ್ಯದರ್ಶಿಗಳೇ, ಕೈಯಲ್ಲಿರುವ ಹೂಗುಚ್ಛವನ್ನು ಎಲ್ಲಿಡಬೇಕೆಂದು ತಿಳಿಯದೆ ಮೊಣಕಾಲ ಮೇಲೆ ನಿಲ್ಲಿಸಿಕೊಂಡಿರುವ ನಮ್ಮ ಸ್ಟೋರ್ ಕೀಪರ್ ಸಾಹೇಬರೇ, ಎರಡನೇ ಸಾಲಿನಲ್ಲಿ ಕೂತಿರುವ ಅವರ ಮಗಳೇ, ಮೊಮ್ಮಗಳೇ, ಮತ್ತು ಟೀ ಬರುವ ಬಾಗಿಲ ಕಡೆಗೇ ಕಣ್ಣು ನೆಟ್ಟಿರುವ ಸಭಿಕರೇ,

ನನಗೆ ಐದು ನಿಮಿಷ ಕೊಟ್ಟಿದ್ದಾರೆ. ಎರಡು ಹಾಳೆ ಬರೆದುಕೊಂಡೂ ಬಂದಿದ್ದೇನೆ. ಅದರಲ್ಲಿ ಪ್ರಾಮಾಣಿಕತೆ, ಶಿಸ್ತು, ಸಮಯಪಾಲನೆ ಎಂಬ ಮೂರು ಪದಗಳು ಮೂರು ಮೂರು ಸಲ ಬರುತ್ತವೆ. ಆದರೆ ನನಗಿಂತ ಮೊದಲು ಮಾತಾಡಿದ ನಾಲ್ಕು ಮಂದಿ ಹಿರಿಯರು ಆ ಮೂರನ್ನೂ ಚೂರೂ ಉಳಿಸದೆ ಬಳಸಿಬಿಟ್ಟಿದ್ದಾರೆ. ಆದ್ದರಿಂದ ಹಾಳೆಗಳನ್ನು ಮಡಚಿ ಚೀಲಕ್ಕೆ ಹಾಕಿದ್ದೇನೆ. ಮೂವತ್ತನಾಲ್ಕು ವರ್ಷ ಈ ಪಂಪು ಕಾರ್ಖಾನೆಯ ಸ್ಟೋರನ್ನು ನೋಡಿಕೊಂಡ ಮನುಷ್ಯನ ಬಗ್ಗೆ ನಾನು ಬೇರೆ ಏನು ಹೇಳಲಿ? ಅವರ ಕಂಪ್ಯೂಟರಿಗೆ ಹತ್ತೊಂಬತ್ತು ದಿನ ಮೇಲ್ ಬರಲಿಲ್ಲ. ಅದರ ಬಗ್ಗೆ ಹೇಳುತ್ತೇನೆ. ಅದನ್ನು ರಿಪೇರಿ ಮಾಡಿದವಳು ನಾನು.

ಇಲ್ಲಿರುವ ಕಿರಿಯರಿಗೆ ನಾನು ‘ಹಲೋ ಅಕ್ಕ’. ಮೇಲ್ ತೆರೆಯದಿದ್ದರೆ, ಪಾಸ್‌ವರ್ಡ್ ಮರೆತರೆ, ಕಳಿಸಿದ್ದು ಹೋಗದಿದ್ದರೆ ಹಲೋ ಅಕ್ಕನಿಗೆ ಫೋನ್ ಮಾಡುತ್ತೀರಿ. ಈ ಹೆಸರು ಎಲ್ಲಿಂದ ಬಂತೆಂದು ನಿಮ್ಮಲ್ಲಿ ಅರ್ಧ ಜನಕ್ಕೆ ಗೊತ್ತಿರಲಾರದು. ಈಗ ಫೈರ್ ಬಕೆಟ್‌ಗಳನ್ನು ಇಟ್ಟಿದ್ದಾರಲ್ಲ, ಮೆಟ್ಟಿಲ ಕೆಳಗಿನ ಆ ಗೂಡು, ಅದು ಒಂದು ಕಾಲದಲ್ಲಿ ಟೆಲಿಫೋನ್ ಎಕ್ಸ್‌ಚೇಂಜು. ಎರಡು ಕೈ ಚಾಚಿದರೆ ಎರಡೂ ಗೋಡೆ ಸಿಗುತ್ತಿದ್ದವು. ಎದುರಿಗೆ ಬೋರ್ಡು, ಬೋರ್ಡಿನಲ್ಲಿ ನಲವತ್ತೆರಡು ತೂತು, ನನ್ನ ತಲೆಗೆ ಹೆಡ್‌ಫೋನು, ಕೈಯಲ್ಲಿ ವೈರಿನ ಪಿನ್ನು. ಯಾರು ಯಾರ ಜೊತೆ ಮಾತಾಡಬೇಕಾದರೂ ನನ್ನ ಕೈ ದಾಟಿ ಹೋಗಬೇಕಿತ್ತು. ಮಾತು ಸೇರಿಸಿದ ಮೇಲೆ ಲೈನಿನಿಂದ ಹೊರಗೆ ಬರಬೇಕು, ಕೇಳಿಸಿಕೊಳ್ಳಬಾರದು. ನನಗೆ ಕೆಲಸ ಕಲಿಸಿದ ಅಮ್ಮ ಮೊದಲ ದಿನವೇ ಇದನ್ನು ಹೇಳಿದ್ದರು. ನಾನು ಪಾಲಿಸಿದ್ದೇನೆ. ನೀವು ನಂಬಿದರೂ ಸರಿ, ನಂಬದಿದ್ದರೂ ಸರಿ.

ನಮ್ಮ ಸ್ಟೋರ್ ಸಾಹೇಬರ ಮುಖ ನೋಡುವ ಮೊದಲು ನಾನು ಅವರ ದನಿ ಕೇಳಿದ್ದೆ. ಬೆಳಿಗ್ಗೆ ಎಂಟು ಗಂಟೆ ಐದು ನಿಮಿಷಕ್ಕೆ ಸರಿಯಾಗಿ ನನ್ನ ಬೋರ್ಡಿನಲ್ಲಿ ಸ್ಟೋರಿನ ದೀಪ ಹತ್ತುತ್ತಿತ್ತು. “ಎಕ್ಸ್‌ಚೇಂಜ್‌ನೋರೇ, ಮನೆಗೊಂದು ಲೈನ್ ಕೊಡ್ತೀರಾ?” ಎನ್ನುತ್ತಿದ್ದರು. ಮನೆಯಲ್ಲಿ ಹೆಂಡತಿಗೆ ಹುಷಾರಿರಲಿಲ್ಲ. ಆಮೇಲೆ ಅದೇ ಹೊತ್ತಿಗೆ, ಅದೇ ದನಿಯಲ್ಲಿ, “ಆಸ್ಪತ್ರೆಗೊಂದು ಲೈನ್ ಕೊಡ್ತೀರಾ?” ಎನ್ನತೊಡಗಿದರು. ಎಂಟು ತಿಂಗಳು ಕೊಟ್ಟೆ. ಒಂದು ದಿನ ಮಧ್ಯಾಹ್ನ ಆಸ್ಪತ್ರೆಯಿಂದಲೇ ಫೋನ್ ಬಂತು. ಸ್ಟೋರಿಗೆ ಕೊಡಿ ಎಂದ ಹೆಣ್ಣುಮಗಳ ದನಿಯಲ್ಲಿಯೇ ನನಗೆ ವಿಷಯ ತಿಳಿಯಿತು. ಸ್ಟೋರಿನಲ್ಲಿ ಅವರು ಫೋನ್ ಎತ್ತಿದ ಮೇಲೂ ಪಿನ್ನು ಹಿಡಿದುಕೊಂಡು ಕೂತೆ. ಆಮೇಲೆ ಸೇರಿಸಿದೆ. ಸೇರಿಸಿ, ಲೈನಿನಿಂದ ಹೊರಗೆ ಬಂದೆ.

ಅದಾದ ಮೇಲೆ ದಿನವೂ ಸಂಜೆ ನಾಲ್ಕಕ್ಕೆ ಹೊರಗಿನಿಂದ ಒಂದು ಫೋನ್ ಬರುತ್ತಿತ್ತು. ಶಾಲೆ ಬಿಟ್ಟು, ಪಕ್ಕದ ಮನೆಯವರ ಫೋನಿನಿಂದ, ಹನ್ನೆರಡು ವರ್ಷದ ಒಂದು ಹುಡುಗಿ. “ಆಂಟಿ, ಅಪ್ಪಂಗೆ ಕೊಡಿ.” ಯಾವ ಅಪ್ಪ ಎಂದು ನಾನು ಒಂದು ದಿನವೂ ಕೇಳಲಿಲ್ಲ. ಕಾರ್ಖಾನೆಯಲ್ಲಿ ಇನ್ನೂರು ಅಪ್ಪಂದಿರಿದ್ದರು. ಎರಡನೇ ಸಾಲಿನಲ್ಲಿ ನಗುತ್ತಿದ್ದೀಯಲ್ಲಮ್ಮಾ, ನೀನೇ ಅದು. ನಿನ್ನ ದನಿ ಈಗ ಸ್ವಲ್ಪ ದಪ್ಪವಾಗಿದೆ ಅಷ್ಟೆ, ಕೇಳಿದರೆ ಇವತ್ತಿಗೂ ನನಗೆ ನಾಲ್ಕು ಗಂಟೆಯಾದ ಹಾಗೆಯೇ.

ಆಮೇಲೆ ಬೋರ್ಡು ಹೋಯಿತು. ಮೇಜಿಗೊಂದು ಫೋನು ಬಂತು, ಎಲ್ಲರೂ ತಾವೇ ಗುಂಡಿ ಒತ್ತಿಕೊಂಡರು. ಬೋರ್ಡನ್ನು ಗುಜರಿಯವರು ಗಾಡಿಗೆ ಹಾಕಿಕೊಳ್ಳುವಾಗ ನಾನು ನೋಡಲು ಹೋಗಲಿಲ್ಲ. ನನ್ನನ್ನು ಏನು ಮಾಡುವುದೆಂದು ಆಡಳಿತದವರು ಎರಡು ತಿಂಗಳು ಯೋಚಿಸಿ, ಮೂರು ತಿಂಗಳು ತರಬೇತಿ ಕೊಡಿಸಿ, ಕಂಪ್ಯೂಟರ್ ರೂಮಿಗೆ ಹಾಕಿದರು. ಅಲ್ಲಿ ಮೇಲ್ ಯಂತ್ರವೊಂದಿತ್ತು. ಅದಕ್ಕೂ ನಲವತ್ತೆರಡು ಜನರೇ. ಅದೂ ಹಗಲೆಲ್ಲ ಗುಂಯ್ ಎನ್ನುತ್ತಿತ್ತು. ಎಲ್ಲರೂ ನನ್ನ ಹೆಸರಿನ ಮುಂದಿದ್ದ ಎಕ್ಸ್‌ಚೇಂಜನ್ನು ಬಿಟ್ಟರು. ಒಬ್ಬರು ಬಿಡಲಿಲ್ಲ. ಇವತ್ತಿಗೂ ಬಿಟ್ಟಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಒಂಬತ್ತು ವರ್ಷದ ಹಿಂದೆ, ಫೆಬ್ರವರಿಯಲ್ಲಿ, ನಮ್ಮ ಆ ಯಂತ್ರವನ್ನೂ ತೆಗೆದು, ಮೇಲನ್ನೆಲ್ಲ ಕ್ಲೌಡಿಗೆ ಹಾಕಿದರು. ಪೇಂಟ್ ಶಾಪಿನ ಮೇಸ್ತ್ರಿ ನನ್ನನ್ನು ತಡೆದು ನಿಲ್ಲಿಸಿ, “ಅಲ್ಲ ಹಲೋ ಅಕ್ಕ, ನಮ್ಮ ಕಾಗದ ಪತ್ರ ಎಲ್ಲ ಈಗ ಯಾರ ಮನೇಲಿಟ್ಟಿದ್ದೀರಿ?” ಎಂದು ಕೇಳಿದರು. ಬೇರೆಯವರ ಮನೆಯಲ್ಲಿ, ಬಾಡಿಗೆಗೆ ಎಂದೆ. “ಹೋಗಿ ನೋಡ್ಕೊಂಡು ಬಂದಿದ್ದೀರಾ?” ಎಂದರು. ನಲವತ್ತೆರಡು ಕಂಪ್ಯೂಟರುಗಳಲ್ಲಿ ನಲವತ್ತೊಂದು ಮೂರೇ ದಿನದಲ್ಲಿ ಹೊಸ ಮೇಲಿಗೆ ಹೊಂದಿಕೊಂಡವು. ಉಳಿದದ್ದು ಸ್ಟೋರಿನದು.

ಮೊದಲ ದಿನ ಕೇಬಲ್ ನೋಡಿದೆ. ಸರಿಯಿತ್ತು. ಎರಡನೇ ದಿನ ಪಾಸ್‌ವರ್ಡ್ ಬದಲಿಸಿದೆ. ಮೇಲ್ ತೆರೆಯುತ್ತಲೇ ಒಂದು ಪೆಟ್ಟಿಗೆ ಬಂದು ಪಾಸ್‌ವರ್ಡ್ ಕೇಳುವುದು, ಕೊಟ್ಟರೆ ನುಂಗುವುದು, ಮತ್ತೆ ಕೇಳುವುದು. ಮೂರನೇ ದಿನ ಸರ್ವರಿನ ಹೆಸರನ್ನೂ ಪೋರ್ಟಿನ ಅಂಕಿಯನ್ನೂ ಒಂದೊಂದೇ ಅಕ್ಷರ ಬೆರಳಿಟ್ಟು ಓದಿದೆ. ನಾಲ್ಕನೇ ದಿನ ವೈರಸ್ ತಡೆಯುವ ಪ್ರೋಗ್ರಾಮನ್ನು ನಿಲ್ಲಿಸಿ ನೋಡಿದೆ. ಭದ್ರತಾ ಪತ್ರವನ್ನು ಪರಿಶೀಲಿಸಲಾಗಲಿಲ್ಲ ಎಂದು ಪರದೆ ಹೇಳುತ್ತಿತ್ತು. ಅದು ಬಾಡಿಗೆ ಮನೆಯವರ, ಎಂದರೆ ಕ್ಲೌಡಿನವರ, ತಪ್ಪಿರಬೇಕೆಂದು ನಾನು ಅವರಿಗೇ ಫೋನ್ ಮಾಡಿದೆ. ಐದನೇ ದಿನ ಅದು. ನಲವತ್ತು ನಿಮಿಷ ಸಂಗೀತ ಕೇಳಿಸಿ, ಆಮೇಲೆ ಒಬ್ಬ ಯುವಕ ಸಿಕ್ಕಿದ. ನಾನು ಆಗಲೇ ಮಾಡಿ ಮುಗಿಸಿದ್ದನ್ನೆಲ್ಲ ಮೊದಲಿನಿಂದ ಮಾಡಿಸಿದ. ಕೊನೆಗೆ ಕೇಳಿದ: “ಮೇಡಂ, ಕಂಪ್ಯೂಟರಿನ ಗಡಿಯಾರ ಸರಿಯಾಗಿದ್ಯಾ?” ನಾನು ಮೂಲೆಯಲ್ಲಿ ನೋಡಿದೆ. ಹನ್ನೊಂದು ಇಪ್ಪತ್ತು. ನನ್ನ ಕೈಗಡಿಯಾರದಲ್ಲೂ ಹನ್ನೊಂದು ಇಪ್ಪತ್ತು. ಗೋಡೆಯ ಕ್ಯಾಲೆಂಡರ್ ನೋಡಿದೆ. ಗುರುವಾರ ಒಂಬತ್ತು. ಪರದೆಯಲ್ಲೂ ಗುರುವಾರ ಒಂಬತ್ತು. “ಸರಿಯಾಗಿದೆ ಕಣಪ್ಪಾ, ಅಷ್ಟೂ ಗೊತ್ತಾಗಲ್ವಾ ನಂಗೆ?” ಎಂದೆ. ಅಷ್ಟೂ ಗೊತ್ತಾಗಿರಲಿಲ್ಲ.

ಆರನೇ ದಿನ ಫೌಂಡ್ರಿಯವರು ಬೇರಿಂಗ್ ಕೇಳಿಕೊಂಡು ಬಂದರು. ಸಾಹೇಬರು ಕೊಡಲು ಒಳಗೆ ಹೋದರು. ನಾನು ಸುಮ್ಮನೆ ಕೂತಿರಲಾರದೆ ಮೂಲೆಯ ಗಡಿಯಾರದ ಮೇಲೆ ಎರಡು ಸಲ ಒತ್ತಿದೆ. ದೊಡ್ಡದಾಗಿ ತೆರೆದುಕೊಂಡಿತು. ತಿಂಗಳು ಸರಿ, ತಾರೀಕು ಸರಿ, ವಾರ ಸರಿ, ಗಂಟೆ ಸರಿ. ಇಸವಿ ಮಾತ್ರ ಹನ್ನೊಂದು ವರ್ಷ ಹಿಂದಿನದು.

ಸಭಿಕರೇ, ಇದು ಹೇಗಾಯಿತೆಂದು ನಿಮ್ಮಲ್ಲಿ ಹಳಬರಿಗೆ ಗೊತ್ತು. ಸ್ಟೋರಿನ ದಾಸ್ತಾನು ಲೆಕ್ಕವೆಲ್ಲ ಒಂದು ಪ್ರೋಗ್ರಾಮಿನಲ್ಲಿತ್ತು. ಅದನ್ನು ಮಾಡಿಕೊಟ್ಟವರು ಅಂಗಡಿ ಮುಚ್ಚಿಕೊಂಡು ಹೋಗಿದ್ದರು. ಆ ಫೆಬ್ರವರಿಗೆ ಮೊದಲಿನ ಡಿಸೆಂಬರಿಗೆ ಅದರ ಪರವಾನಗಿ ಮುಗಿದು, ಜನವರಿ ಒಂದಕ್ಕೆ ತೆರೆಯುವುದಿಲ್ಲ ಎಂದು ಕೂತಿತು. ಸಾಹೇಬರು ಯಾರಿಗೂ ಹೇಳದೆ ಕಂಪ್ಯೂಟರಿನ ಇಸವಿಯನ್ನು ಹಿಂದಕ್ಕೆ ತಿರುಗಿಸಿದರು. ಒಂದು ವರ್ಷ ತಿರುಗಿಸಿದರೆ ಸಾಕಿತ್ತು. ಆದರೆ ಆಗ ಸೋಮವಾರ ಭಾನುವಾರಕ್ಕೆ ಬೀಳುತ್ತದೆ, ವಾರದ ಲೆಕ್ಕ ಕೆಡುತ್ತದೆ. ಅದಕ್ಕೆ ಹಳೆಯ ಕ್ಯಾಲೆಂಡರುಗಳನ್ನೆಲ್ಲ ಕೆಳಗಿಳಿಸಿ, ಈ ವರ್ಷದ ಸೋಮವಾರ ಯಾವ ವರ್ಷದ ಸೋಮವಾರದ ಮೇಲೆ ಕೂರುತ್ತದೆ ಎಂದು ಹುಡುಕಿ, ಹನ್ನೊಂದು ವರ್ಷ ಹಿಂದಕ್ಕೆ ಹೋದರು. ಹೋದವರು ಆ ಕ್ಯಾಲೆಂಡರನ್ನೇ ಗೋಡೆಗೂ ಹಾಕಿದರು. ಪ್ರೋಗ್ರಾಮಿನಿಂದ ಬರುವ ಚೀಟಿಗಳ ಮೇಲೆ ಹಳೆಯ ಇಸವಿಯನ್ನು ಕೆಂಪು ಪೆನ್ನಿನಲ್ಲಿ ಹೊಡೆದು ಹೊಸದನ್ನು ಬರೆಯುತ್ತಿದ್ದರು. ಆಡಿಟರು ಕೇಳಿದ್ದಕ್ಕೆ, “ಯಂತ್ರಕ್ಕೆ ವಯಸ್ಸಾಯ್ತು ಸರ್, ಹಳೇದೇ ನೆನಪು ಅದಕ್ಕೆ” ಎಂದರಂತೆ. ಇಡೀ ಕಾರ್ಖಾನೆಗೆ ಗೊತ್ತಿತ್ತು. ಬೈಯುತ್ತೇನೆಂದು ಕಂಪ್ಯೂಟರ್ ರೂಮಿಗೆ ಮಾತ್ರ ಯಾರೂ ಹೇಳಿರಲಿಲ್ಲ.

ನಮ್ಮ ಹಳೆಯ ಮೇಲ್ ಯಂತ್ರ ಇಸವಿ ಕೇಳುತ್ತಿರಲಿಲ್ಲ. ಕ್ಲೌಡಿನವರು ಹಾಗಲ್ಲ. ಪ್ರತಿ ಸಲವೂ ತಮ್ಮ ಗುರುತಿನ ಪತ್ರವನ್ನು ತೋರಿಸುತ್ತಾರೆ, ಅದು ಯಾವತ್ತಿನಿಂದ ಯಾವತ್ತಿನವರೆಗೆ ನಡೆಯುತ್ತದೆಂದು ಅದರ ಮೇಲೆ ಬರೆದಿರುತ್ತದೆ. ಸ್ಟೋರಿನ ಕಂಪ್ಯೂಟರು ಅದನ್ನು ಓದಿ, ತನ್ನ ಲೆಕ್ಕದಲ್ಲಿ ಈ ಪತ್ರ ಇನ್ನೂ ಹುಟ್ಟೇ ಇಲ್ಲವೆಂದು ಬಾಗಿಲು ಹಾಕಿಕೊಳ್ಳುತ್ತಿತ್ತು. ಇಸವಿ ಸರಿ ಮಾಡಿದರೆ ಒಂದೇ ನಿಮಿಷದಲ್ಲಿ ಮೇಲ್ ಬರುತ್ತಿತ್ತು.

ನಾನು ಸರಿ ಮಾಡಲಿಲ್ಲ. ರದ್ದು ಎಂಬ ಗುಂಡಿ ಒತ್ತಿ, ಗಡಿಯಾರವನ್ನು ಮುಚ್ಚಿದೆ.

ಅಧ್ಯಕ್ಷರು ನನ್ನ ಕಡೆ ನೋಡುತ್ತಿದ್ದಾರೆ. ಇದು ಶಿಸ್ತು ಕ್ರಮದ ವಿಷಯ ಎಂದು ನನಗೂ ಗೊತ್ತು ಸಾರ್. ಆದರೆ ಯಾಕೆ ಎಂದು ಹೇಳಲು ಬಿಡಿ. ಆ ಇಸವಿಯನ್ನು ಪರದೆಯ ಮೇಲೆ ಕಂಡಾಗ ನನ್ನ ಕೈ ನಿಂತುಹೋಯಿತು. ಆ ವರ್ಷ ನನ್ನ ಬೋರ್ಡು ಇತ್ತು. ಆ ವರ್ಷ ನನ್ನ ತಾಯಿ ಇದ್ದರು, ಸಂಜೆ ಮನೆಗೆ ಹೋದರೆ ಬಾಗಿಲು ಒಳಗಿನಿಂದ ತೆರೆಯುತ್ತಿತ್ತು. ನನಗೆ ಮದುವೆಯಾಗಲಿಲ್ಲ, ಅದಕ್ಕೆ ದೊಡ್ಡ ಕಾರಣವೇನೂ ಇಲ್ಲ, ಆಗಲಿಲ್ಲ ಅಷ್ಟೆ. ತಾಯಿ ಹೋದ ಮೇಲೆ ಕೀಲಿಯನ್ನು ನಾನೇ ತಿರುಗಿಸಿ ಒಳಗೆ ಹೋಗುವುದು ರೂಢಿಯಾಗಿತ್ತು. ಅಂಥವಳಿಗೆ ಐದು ದಿನದಿಂದ ದಿನವೂ ಹನ್ನೊಂದು ಗಂಟೆಗೆ ಹೋಗಲು ಒಂದು ಜಾಗ ಸಿಕ್ಕಿತ್ತು. ಮೇಲ್ ಸರಿಹೋದರೆ ಆ ಜಾಗಕ್ಕೆ ಹೋಗಲು ನೆಪ ಏನಿದೆ?

ಸ್ಟೋರನ್ನು ನೀವೆಲ್ಲ ಕೌಂಟರಿನ ಹೊರಗಿನಿಂದ ನೋಡಿದ್ದೀರಿ. ಚೀಟಿ ಕೊಟ್ಟು, ವಾಷರು ತೆಗೆದುಕೊಂಡು, ಹೋಗುತ್ತೀರಿ. ಒಳಗೆ ಕೂತು ನೋಡಬೇಕು. ಗ್ರೀಸಿನ ಮತ್ತು ರಟ್ಟಿನ ವಾಸನೆ. ಮೇಲೆ ಒಂದೇ ಕಿಟಕಿ, ಅದರಿಂದ ಹನ್ನೊಂದೂವರೆಗೆ ಬಿಸಿಲಿನ ಒಂದು ಪಟ್ಟಿ ಬೇರಿಂಗುಗಳ ಕಪಾಟಿಗೆ ಬಂದು, ಊಟದ ಹೊತ್ತಿಗೆ ಗ್ಯಾಸ್ಕೆಟ್ಟುಗಳ ಕಪಾಟಿಗೆ ಹೋಗುತ್ತದೆ. ಪ್ರತಿಯೊಂದು ಗೂಡಿಗೂ ಒಂದು ಕಾರ್ಡು, ಕಾರ್ಡಿನ ಮೇಲೆ ಎಷ್ಟು ಬಂತು, ಎಷ್ಟು ಹೋಯಿತು ಎಂದು ಆ ಗುಂಡಗಿನ ಅಕ್ಷರ. ಕಂಪ್ಯೂಟರ್ ಬಂದ ಮೇಲೂ ಅವರು ಕಾರ್ಡು ಬಿಡಲಿಲ್ಲ. ಒಂದು ಬೇರಿಂಗನ್ನು ಕಿವಿಯ ಹತ್ತಿರ ಹಿಡಿದು ಬೆರಳಿನಿಂದ ತಿರುಗಿಸಿ, “ಇದು ನಾಲ್ಕು ತಿಂಗಳು ಬರತ್ತೆ, ಇದು ಬರಲ್ಲ” ಎನ್ನುತ್ತಿದ್ದರು. ಫ್ಲಾಸ್ಕಿನ ಟೀಯನ್ನು ಎರಡು ಲೋಟಕ್ಕೆ ಸಮವಾಗಿ ಹಾಕಿ, ಸಮವಾಗಿದೆಯೇ ಎಂದು ಬಗ್ಗಿ ನೋಡುತ್ತಿದ್ದರು. ನಾನು ಆ ಹದಿಮೂರು ದಿನ ಮೇಲ್ ಪ್ರೋಗ್ರಾಮನ್ನು ನಾಲ್ಕು ಸಲ ತೆಗೆದು ನಾಲ್ಕು ಸಲ ಹಾಕಿದೆ. ಅಕೌಂಟನ್ನು ಅಳಿಸಿ ಮತ್ತೆ ಮಾಡಿದೆ. ಹೊಸ ಕೇಬಲನ್ನೂ ಎಳೆಸಿದೆ. ಯಾವುದರಿಂದಲೂ ಏನೂ ಆಗುವುದಿಲ್ಲ ಎಂದು ಗೊತ್ತಿದ್ದೇ ಮಾಡಿದೆ.

“ಎಕ್ಸ್‌ಚೇಂಜ್‌ನೋರೇ, ಇವತ್ತೇನಾದ್ರೂ ಸರಿಹೋಗೋ ಲಕ್ಷಣ ಇದ್ಯಾ?” ಎಂದು ಅವರು ಕೇಳುವುದು.

“ನೋಡ್ಬೇಕು” ಎಂದು ನಾನು ಹೇಳುವುದು.

“ನಿಧಾನಕ್ಕೆ ನೋಡಿ. ಅವಸರ ಏನಿಲ್ಲ.”

ಒಂದು ದಿನ ಅವರು ಲೋಟ ಕೆಳಗಿಟ್ಟು ಇದ್ದಕ್ಕಿದ್ದಂತೆ, “ಅವತ್ತು ಆಸ್ಪತ್ರೆ ಫೋನ್ ಕೊಡೋಕೆ ಮುಂಚೆ ನೀವು ಸ್ವಲ್ಪ ಹೊತ್ತು ಸುಮ್ನಿದ್ರಿ. ಲೈನಲ್ಲಿ ಇದ್ರಿ, ಮಾತಾಡ್ಲಿಲ್ಲ. ಯಾಕೆ?” ಎಂದು ಕೇಳಿದರು. ಹದಿನೇಳು ವರ್ಷದ ಮೇಲೆ ಕೇಳಿದರು. “ಕೊಡೋಕೆ ಕೈ ಬರ್ಲಿಲ್ಲ” ಎಂದೆ. ಅವರು ತಲೆಯಾಡಿಸಿ, “ಆ ಸ್ವಲ್ಪ ಹೊತ್ತಲ್ಲೇ ನಂಗೆ ಗೊತ್ತಾಯ್ತು. ಯಾರೋ ಒಬ್ರು ನನ್ ಜೊತೆ ಇದ್ದ ಹಾಗಿತ್ತು” ಎಂದರು. ಆಮೇಲೆ ಕಪಾಟಿನ ಕಡೆ ಹೋದರು. ನಾನು ಪರದೆಯ ಕಡೆ ತಿರುಗಿ ಪಾಸ್‌ವರ್ಡ್ ಬರೆಯುತ್ತಾ ಕೂತೆ. ಅವತ್ತು ಎಷ್ಟು ಸಲ ತಪ್ಪು ಪಾಸ್‌ವರ್ಡ್ ಕೊಟ್ಟೆನೋ, ಅಕೌಂಟೇ ಬಂದ್ ಆಯಿತು.

ಹತ್ತೊಂಬತ್ತನೇ ದಿನ ಆಗಿನ ಜನರಲ್ ಮ್ಯಾನೇಜರ್ ನನ್ನನ್ನು ಕರೆಸಿ, ನಾಳೆ ಹೊರಗಿನಿಂದ ತಜ್ಞರು ಬರುತ್ತಾರೆ ಎಂದರು. ತಜ್ಞರು ಬಂದರೆ ಎರಡು ನಿಮಿಷದಲ್ಲಿ ಇಸವಿ ನೋಡುತ್ತಾರೆ. ನನ್ನ ಮಾನವೂ ಹೋಗುತ್ತದೆ, ಸಾಹೇಬರ ಗುಟ್ಟೂ ಹೋಗುತ್ತದೆ. ಮರುದಿನ ಬೆಳಿಗ್ಗೆ ಹಾಜರಿ ಹಾಕುವ ಟೈಮ್ ಆಫೀಸಿನ ಮೂಲೆಯಲ್ಲಿದ್ದ ಹಳೆಯ ಕಂಪ್ಯೂಟರೊಂದನ್ನು ಹೊತ್ತು ತಂದು, ದಾಸ್ತಾನಿನ ಕಂಪ್ಯೂಟರಿನ ಪಕ್ಕದಲ್ಲಿಟ್ಟು, ಅದರಲ್ಲಿ ಸರಿಯಾದ ಇಸವಿಯಲ್ಲಿ ಮೇಲ್ ತೆರೆದೆ. ಒಂದೇ ಮೇಜಿನ ಮೇಲೆ ಹನ್ನೊಂದು ವರ್ಷ ದೂರದಲ್ಲಿ ಎರಡು ಕಂಪ್ಯೂಟರುಗಳು. ಹೊಸ ಪ್ರೋಗ್ರಾಮ್ ಬರುವವರೆಗೆ ಮೂರು ತಿಂಗಳು ಹಾಗೆಯೇ ನಡೆಯಿತು.

ಮೇಲ್ ತೆರೆದ ಕೂಡಲೇ ಅರವತ್ತಮೂರು ಪತ್ರಗಳು ಒಂದರ ಹಿಂದೊಂದು ಇಳಿದವು. ನಾನು ಅವರ ಹೆಗಲ ಹಿಂದೆ ನಿಂತಿದ್ದೆ. ಕೇಳಿಸಿಕೊಳ್ಳಬಾರದು ಎಂದು ಕಲಿತವಳು, ಓದಬಾರದು ಎಂದು ಮಾತ್ರ ಕಲಿತಿರಲಿಲ್ಲ. ಒಂದು ಪತ್ರ ಹೆಡ್ ಆಫೀಸಿನದು. ದೊಡ್ಡ ಗೋದಾಮಿಗೆ ಮುಖ್ಯ ಸ್ಟೋರ್ ಕೀಪರ್ ಆಗಿ ಬಡ್ತಿ, ಇರಲು ಮನೆ, ಒಪ್ಪಿಗೆಯನ್ನು ಹತ್ತು ದಿನದೊಳಗೆ ತಿಳಿಸಬೇಕು. ಪತ್ರ ಬಂದದ್ದು ನನ್ನ ರಿಪೇರಿಯ ಮೂರನೇ ದಿನ. ಗಡುವು ಮುಗಿದದ್ದು ಹದಿಮೂರನೇ ದಿನ. ಆರನೇ ದಿನ ನಾನು ಆ ಗುಂಡಿ ಒತ್ತದೆ ಇದ್ದಿದ್ದರೆ ಅವರಿಗೆ ಪೂರ್ತಿ ಒಂದು ವಾರ ಇರುತ್ತಿತ್ತು. ಸಾಹೇಬರು ಅದನ್ನು ನೋಡಿ, ಕಿವಿ ಕೆರೆದುಕೊಂಡು, “ಹಳೇ ಟಪಾಲು” ಎಂದು ಮುಚ್ಚಿದರು.

ಆ ದೊಡ್ಡ ಗೋದಾಮು ಯಾವ ಊರಿನಲ್ಲಿದೆ ಎಂದು ನಿಮಗೆ ಗೊತ್ತು. ಅವರ ಮಗಳಿರುವ ಊರಿನಲ್ಲಿ. ಈಗ ಎರಡನೇ ಸಾಲಿನಲ್ಲಿ ಕಾಲಾಡಿಸುತ್ತಾ ಕೂತಿರುವ ಮೊಮ್ಮಗಳಿಗೆ ಆಗ ಒಂದು ವರ್ಷವೂ ತುಂಬಿರಲಿಲ್ಲ. ಆ ಮಗು ಮೊದಲ ಹೆಜ್ಜೆ ಇಟ್ಟದ್ದನ್ನು ತಾತ ಫೋನಿನಲ್ಲಿ ಕೇಳಿದರು. ಒಂಬತ್ತು ವರ್ಷ, ವಾರ ಬಿಟ್ಟು ವಾರ, ಶನಿವಾರ ಮಧ್ಯಾಹ್ನ ಹೊರಟು ಐದು ಗಂಟೆಗಳ ಬಸ್ ಪ್ರಯಾಣ, ಭಾನುವಾರ ವಾಪಸು. ಸೋಮವಾರ ಸೊಂಟ ಹಿಡಿದುಕೊಂಡು ಸ್ಟೋರಿನ ಮೆಟ್ಟಿಲು ಹತ್ತುತ್ತಿದ್ದರು. ಆ ಸೋಮವಾರಗಳನ್ನು ನಾನು ಕಿಟಕಿಯಲ್ಲಿ ನಿಂತು ನೋಡಿದ್ದೇನೆ. ಪ್ರತಿ ಸೋಮವಾರವೂ ಇದು ನಾನು ಮಾಡಿದ್ದು ಎಂದುಕೊಂಡಿದ್ದೇನೆ. ಹೋಗಿ ಹೇಳಿಬಿಡಬೇಕೆಂದು ಎಷ್ಟು ಸಲ ಅಂಗಳ ದಾಟಿದೆನೋ ಲೆಕ್ಕವಿಲ್ಲ. ಹೋದವಳು, ಮೇಲ್ ಸರಿಯಾಗಿ ಬರುತ್ತಿದೆಯೇ ಎಂದು ಕೇಳಿ ವಾಪಸು ಬರುತ್ತಿದ್ದೆ. ಬರುತ್ತಿದೆ ಎನ್ನುತ್ತಿದ್ದರು. ಬರದೇ ಏನು? ನಾನು ರಿಪೇರಿ ಮಾಡಿದ್ದಲ್ಲವೇ?

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ. “ಇನ್ನೆರಡು ನಿಮಿಷ” ಎಂದಿದೆ. ಸಾಕು ಸಾರ್. ಈ ಸಭೆಯಲ್ಲಿ, ಎಲ್ಲರ ಎದುರಿಗೆ, ಅವರಲ್ಲೂ ಅವರ ಮಗಳಲ್ಲೂ ಕ್ಷಮೆ ಕೇಳಿ ಕೂತುಕೊಳ್ಳಬೇಕು ಎಂಬುದು ಹೋದ ಸೋಮವಾರದವರೆಗೆ ನನ್ನ ಯೋಚನೆಯಾಗಿತ್ತು. ಭಾನುವಾರ ಅವರ ಸಾಮಾನು ಲಾರಿಗೆ ಏರುತ್ತದೆ, ಅವರು ಮಗಳ ಊರಿಗೆ ಹೋಗುತ್ತಾರೆ, ಆಮೇಲೆ ಹೇಳಲು ಯಾರಿದ್ದಾರೆ?

ಆದರೆ ಮಂಗಳವಾರ ಒಂದು ಘಟನೆ ನಡೆಯಿತು. ನಿವೃತ್ತರಾಗುವವರ ಮೇಲನ್ನು ಮುಚ್ಚುವ ಮೊದಲು, ಮುಂದೆ ಬರುವವರಿಗೆ ಬೇಕಾದ ಪತ್ರಗಳನ್ನು ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡೇ ತೆಗೆದಿಡಬೇಕು, ಅದು ನಿಯಮ. ಸಾಹೇಬರು ಬಂದು ಕೂತರು. ಅರ್ಧ ಗಂಟೆಯಾದ ಮೇಲೆ, “ಕಳಿಸಿದ ಪತ್ರಗಳನ್ನ ನೀವೇ ನೋಡಿ ಎಕ್ಸ್‌ಚೇಂಜ್‌ನೋರೇ, ಎಲ್ಲಾನೂ ನೋಡಿ. ನಾನು ಬೀಗದ ಕೈ ಒಪ್ಪಿಸಿ ಬರ್ತೀನಿ” ಎಂದು ಎದ್ದು ಹೋದರು. ಹೆಚ್ಚೇನೂ ಇರಲಿಲ್ಲ. ಪತ್ರ ಬರೆಯುವ ಬದಲು ಫೋನ್ ಎತ್ತುವ ಮನುಷ್ಯ ಅವರು. ಮೊದಲಿನಿಂದ ನೋಡುತ್ತಾ ಬಂದೆ. ಎಲ್ಲಕ್ಕಿಂತ ಮೊದಲನೆಯದು ಆ ವರ್ಷದ ಫೆಬ್ರವರಿಯದು. ನನ್ನ ರಿಪೇರಿಯ ಎಂಟನೇ ದಿನದ್ದು.

ಮೇಲ್ ಕೆಟ್ಟಿದ್ದಾಗ ಕಳಿಸಿದ ಮೇಲ್ ಎಲ್ಲಿಂದ ಬಂತು? ತಾರೀಕನ್ನು ಎರಡು ಸಲ ಓದಿದೆ. ಆಮೇಲೆ ನೆನಪಾಯಿತು. ಕ್ಲೌಡಿಗೆ ಹೋದ ಮೊದಲ ದಿನ ನಾನೇ ನೋಟೀಸು ಹಾಕಿದ್ದೆ. ನಿಮ್ಮ ಕಂಪ್ಯೂಟರ್ ಸರಿಹೋಗುವವರೆಗೆ ಟೈಮ್ ಆಫೀಸಿನಲ್ಲಿ ಬ್ರೌಸರಿನಲ್ಲಿ ತೆರೆದು ನೋಡಬಹುದು ಎಂದು. ಇಡೀ ಕಾರ್ಖಾನೆಯಲ್ಲಿ ಆ ನೋಟೀಸನ್ನು ಓದಿದವರು ಒಬ್ಬರೇ ಇರಬೇಕು. ಹಾಗೆ ಬರೆದದ್ದು ಅಲ್ಲಿಯೇ ಉಳಿಯುತ್ತದೆ, ಸ್ಟೋರಿನ ಪ್ರೋಗ್ರಾಮಿಗೆ ಇಳಿದು ಬರುವುದಿಲ್ಲ. ಆದ್ದರಿಂದ ಈ ಮಂಗಳವಾರ ಕ್ಲೌಡಿನಲ್ಲೇ ತೆರೆದು ನೋಡುವವರೆಗೆ ನನಗೆ ತಿಳಿಯಲಿಲ್ಲ. ಪತ್ರವನ್ನು ಓದುತ್ತೇನೆ. ಎಲ್ಲವನ್ನೂ ನೋಡಿ ಎಂದವರು ಅವರೇ.

“ಮಾನ್ಯರೇ, ತಮ್ಮ ಪತ್ರ ತಲುಪಿತು. ಬಡ್ತಿಗಾಗಿ ವಂದನೆಗಳು. ನನ್ನ ಸ್ಟೋರಿನ ಮೇಲ್ ಕೆಟ್ಟಿದ್ದು, ಅದರ ರಿಪೇರಿ ನಡೆಯುತ್ತಿದೆ. ರಿಪೇರಿ ಮಾಡುತ್ತಿರುವವರು ದಿನವೂ ಬಂದು ಬಹಳ ಶ್ರದ್ಧೆಯಿಂದ ನೋಡುತ್ತಿದ್ದಾರೆ. ಆ ಕೆಲಸ ಮುಗಿಯುವ ಮೊದಲು ನಾನು ಈ ಊರು ಬಿಡುವುದು ಆಗದ ಮಾತು. ಆದ್ದರಿಂದ ದಯವಿಟ್ಟು ಬೇರೆಯವರನ್ನು ಪರಿಗಣಿಸಬೇಕಾಗಿ ವಿನಂತಿ.”

ನಗಬೇಡಿ. ನಾನೂ ಮೊದಲು ನಗುತ್ತೇನೆಂದುಕೊಂಡೆ, ಅತ್ತುಬಿಟ್ಟೆ. ಅತ್ತು ಮುಗಿಯುತ್ತಲೇ ಸಿಟ್ಟು ಬಂತು. ಈಗಲೂ ಇದೆ. ಸಾಹೇಬರೇ, ತಲೆ ತಗ್ಗಿಸಬೇಡಿ, ಈ ಕಡೆ ನೋಡಿ. ಒಂಬತ್ತು ವರ್ಷ. ಒಂಬತ್ತು ವರ್ಷ ನಾನು ಮಾಡದ ತಪ್ಪಿಗೆ ಕಿಟಕಿಯಲ್ಲಿ ನಿಂತು ನಿಮ್ಮ ಸೊಂಟ ನೋಡಿದೆ. ನೀವು ಮೆಟ್ಟಿಲ ಮೇಲಿಂದ ಒಂದು ಸಲ ಕೂಗಿ ಹೇಳಬಾರದಿತ್ತೇ? ಹೆಡ್ ಆಫೀಸಿಗೆ ಬರೆಯಲು ಬಂತು, ಇಪ್ಪತ್ತು ಹೆಜ್ಜೆ ದೂರದಲ್ಲಿದ್ದವಳಿಗೆ ಹೇಳಲು ಬರಲಿಲ್ಲವೇ? ನಾನಾದರೂ ಏನು ಮಹಾ ಮಾಡಿದೆ? ನಲವತ್ತೆರಡು ಜನರ ಮಾತನ್ನು ಸೇರಿಸಿದವಳು, ನನ್ನ ಒಂದು ಮಾತನ್ನು ಆಡಲಾರದೆ ಹೋದೆ. ಆಗ ನಿಮಗೆ ಐವತ್ತೊಂದಿತ್ತು, ನನಗೆ ಐವತ್ತು. ಈಗ ನೋಡಿ ನಮ್ಮಿಬ್ಬರ ಅವತಾರ.

ಮಗಳೇ, ನಿನ್ನ ಅಪ್ಪ ಬರಬೇಕಾಗಿದ್ದ ಊರಿಗೆ ಬಾರದೆ ಇದ್ದದ್ದಕ್ಕೆ ಕಾರಣ ಯಾರೆಂದು ಇವತ್ತು ನಿನಗೆ ಗೊತ್ತಾಯಿತು. ನೀನು ನನ್ನ ಮೇಲೆ ಕೋಪಿಸಿಕೊಂಡರೆ ಸರಿಯೇ. ನಿನ್ನ ಅಪ್ಪನನ್ನು ಭಾನುವಾರ ಕಳಿಸುವುದಿಲ್ಲ ಎಂದು ನಾನು ಹೇಳುವುದಿಲ್ಲ. ಅವರು ಬರಲೇಬೇಕು, ಅದು ನಿನ್ನ ಮತ್ತು ಈ ಮಗುವಿನ ಹಕ್ಕು.

ಆದರೆ ಒಂದು ವಿಷಯ. ನನಗಿನ್ನೂ ಒಂದು ವರ್ಷ ನಾಲ್ಕು ತಿಂಗಳ ಸೇವೆ ಇದೆ, ಯಾವತ್ತೂ ತೆಗೆದುಕೊಳ್ಳದ ಇನ್ನೂರ ನಲವತ್ತು ದಿನಗಳ ರಜೆ ಇದೆ. ಬರುವ ಸೋಮವಾರದಿಂದ ರಜೆ ಕೇಳಿ ಇವತ್ತು ಬೆಳಿಗ್ಗೆ ಅರ್ಜಿ ಕೊಟ್ಟೆ. ಅಧ್ಯಕ್ಷರು ಕಾರಣ ಓದದೆ ಸಹಿ ಹಾಕಿದ್ದಾರೆ. ಸಾರ್, ಅದರಲ್ಲಿ ಹೀಗೆ ಬರೆದಿದ್ದೇನೆ: “ಒಂಬತ್ತು ವರ್ಷದಿಂದ ಬಾಕಿ ಉಳಿದ ಒಂದು ರಿಪೇರಿ. ಸ್ಥಳ: ಹೊರ ಊರು.”

ಸಾಹೇಬರೇ, ರಿಪೇರಿ ಮಾಡಿದವಳಾಗಿ ಈ ಸಭೆಯ ಎದುರಿಗೆ ಹೇಳುತ್ತೇನೆ. ಆ ಕೆಲಸ ಮುಗಿದಿಲ್ಲ. ನಾನು ಜೊತೆಗೆ ಬರಲೇ? ಇದಕ್ಕೆ ಹೆಡ್ ಆಫೀಸಿಗೆ ಪತ್ರ ಬರೆಯಬೇಡಿ. ಕಾರ್ಯಕ್ರಮದ ಪಟ್ಟಿಯಲ್ಲಿ ನನ್ನ ನಂತರ ಸನ್ಮಾನಿತರ ಮಾತು ಎಂದಿದೆ. ಹೌದು ಎಂದರೂ ಇಲ್ಲ ಎಂದರೂ ಬಾಯಿಬಿಟ್ಟು ಹೇಳಿ, ಎಲ್ಲರಿಗೂ ಕೇಳಲಿ. ಈ ಸಲ ನಾನು ಲೈನಿನಿಂದ ಹೊರಗೆ ಹೋಗುವುದಿಲ್ಲ, ಇಲ್ಲಿಯೇ ನಿಂತಿರುತ್ತೇನೆ.

ಹೆಚ್ಚು ಹೊತ್ತು ತೆಗೆದುಕೊಂಡದ್ದಕ್ಕೆ ಅಧ್ಯಕ್ಷರು ಕ್ಷಮಿಸಬೇಕು. ತಾಳ್ಮೆಯಿಂದ ಕೇಳಿದ ನಿಮಗೆಲ್ಲ, ಟೀ ತಂದು ಬಾಗಿಲಲ್ಲಿಯೇ ನಿಂತುಬಿಟ್ಟಿರುವ ಕ್ಯಾಂಟೀನಿನವರಿಗೂ ಸೇರಿಸಿ, ನನ್ನ ವಂದನೆಗಳು. ನಿರೂಪಕರೇ, ನೀವು ಕರೆಯುವ ಅಗತ್ಯವಿಲ್ಲ. ಹೂಗುಚ್ಛವನ್ನು ಮೊಮ್ಮಗಳ ಕೈಗೆ ಕೊಟ್ಟು ಅವರು ಆಗಲೇ ಎದ್ದು ಬರುತ್ತಿದ್ದಾರೆ. ನಮಸ್ಕಾರ.